ಒಂದೇ ಒಲೆಯ ಆರೋಗ್ಯವ್ವ

ದಾಕ್ಷಾಯಣಿ ಸಿಸ್ಟರ್ ಹೊಸ ಯಂತ್ರದ ಮೇಲೆ ಹೊದಿಸಿದ್ದ ಹಳೇ ಬೆಡ್‌ಶೀಟು ಎಳೆದಾಗ ಚಪ್ಪಾಳೆ ತಟ್ಟಿದವನು ಅವಳ ಗಂಡ ಫಕ್ಕೀರಪ್ಪ ಒಬ್ಬನೇ. ಆದರೆ ಅವನೊಬ್ಬನ ಚಪ್ಪಾಳೆ ಹತ್ತು ಮಂದಿಯ ಚಪ್ಪಾಳೆಗೆ ಸಮ! ದಿನವೂ ಜೋಳದ ಹಿಟ್ಟು ನಾದಿ ನಾದಿ ಗಟ್ಟಿಯಾದ ಅಂಗೈ ಅವು. ಬೀದಿಯಾಚೆ ಮಲಗಿದ್ದ ನಾಯಿ ಕೂಡ ಎದ್ದು ಕೂತಿತು.

ಯಂತ್ರ ಆಳೆತ್ತರ ಇತ್ತು. ಕೆಳಗೆ ಗಾಲಿ, ಮೇಲೆ ಕಣ್ಣಿನ ಜಾಗದಲ್ಲಿ ಕ್ಯಾಮೆರಾ, ಮೂಗಿನ ಜಾಗದಲ್ಲಿ ವಾಸನೆ ಹಿಡಿಯುವ ಚಿಪ್, ಪಕ್ಕಕ್ಕೆ ಬಿಪಿ ಪಟ್ಟಿ ಹಿಡಿದ ಒಂದು ಉದ್ದನೆಯ ಕೈ. ನಡುವಿನ ದೇಹವನ್ನು ನೋಡಿ ಫಕ್ಕೀರಪ್ಪನ ತಾಯಿ ಬಸಲಿಂಗವ್ವ, ಇದು ನಮ್ಮ ಹಿಟ್ಟಿನ ಡಬ್ಬಿ ಅಲ್ಲವೇನೆಂದು ಕೇಳಿದಳು. ಸೊಸೆ ಹೌದೆಂದು ಒಪ್ಪಿಕೊಂಡಳು. ಹಾಗಾದರೆ ಹಿಟ್ಟು ಎಲ್ಲಿದೆ ಎಂದು ಕೇಳಿದಾಗ ಮಾತ್ರ ಬೆಡ್‌ಶೀಟು ಮಡಿಚತೊಡಗಿದಳು.

ಲಕ್ಷ್ಮೇಶ್ವರದ ಬಸ್ ಸ್ಟ್ಯಾಂಡಿನ ಹಿಂದೆ ಫಕ್ಕೀರಪ್ಪನ ಖಾನಾವಳಿ. ಮುಂದಿನ ಪಡಸಾಲೆಯಲ್ಲಿ ಗಿರಾಕಿಗಳು ಉಣ್ಣುತ್ತಾರೆ, ಹಿಂದಿನ ಕೋಣೆಗಳಲ್ಲಿ ಮನೆ, ನಡುವೆ ಒಲೆ. ಒಲೆಯ ಮುಂದೆ ಫಕ್ಕೀರಪ್ಪ. ಅವನಿಗೆ ಹೆಮ್ಮೆಪಡಲು ಜಗತ್ತಿನಲ್ಲಿ ಇದ್ದದ್ದು ಎರಡೇ: ತಾನು ಮಾಡುವ ಬದನೆಕಾಯಿ ಎಣ್ಣೆಗಾಯಿ, ತನ್ನ ಹೆಂಡತಿ ದಾಕ್ಷಾಯಣಿ. ಇವುಗಳಲ್ಲಿ ಯಾವುದು ಹೆಚ್ಚೆಂದು ಕೇಳಿದರೆ ಅವನು ಸ್ವಲ್ಪ ಹೊತ್ತು ಯೋಚಿಸಿ, ಹೆಂಡತಿ ಎನ್ನುತ್ತಿದ್ದ.

ದಾಕ್ಷಾಯಣಿ ಸರ್ಕಾರಿ ನರ್ಸ್. ಮನೆ ಮನೆ ತಿರುಗಿ ಜನರ ಆರೋಗ್ಯ ನೋಡುವ ಕೆಲಸ. ಅವಳ ರೀತಿಯೇ ಬೇರೆ. ಯಾರ ಮನೆಗೆ ಹೋದರೂ ಮೊದಲು ರೋಗದ ಮಾತೆತ್ತುವುದಿಲ್ಲ. ಕೊಟ್ಟ ನೀರು ಕುಡಿದು, ಅಡಿಗೆಮನೆ ಕಡೆ ಕಣ್ಣು ಹಾಯಿಸಿ, ಆ ಮನೆಯಲ್ಲಿ ಯಾರು ಮೊದಲು ಉಣ್ಣುತ್ತಾರೆ, ಯಾರು ಕೊನೆಗೆ ಉಣ್ಣುತ್ತಾರೆ, ಉಪ್ಪಿನಕಾಯಿ ಭರಣಿ ಎಷ್ಟು ಬೇಗ ಖಾಲಿಯಾಗುತ್ತದೆ ಎಂಬುದನ್ನೆಲ್ಲ ಹರಟೆಯಲ್ಲೇ ತಿಳಿದುಕೊಳ್ಳುತ್ತಾಳೆ. ಆಮೇಲೆ ಏನಾದರೊಂದು ಒಳ್ಳೆಯದನ್ನು ಹುಡುಕಿ ಬಾಯಿತುಂಬ ಹೊಗಳುತ್ತಾಳೆ. ಹೊಗಳಿಕೆಗೆ ಮೆತ್ತಗಾದವರ ಹತ್ತಿರ ಒಂದೇ ಒಂದು ಸಣ್ಣ ಬದಲಾವಣೆ ಕೇಳುತ್ತಾಳೆ. ಹೊರಡುವ ಮುನ್ನ ಒಬ್ಬರ ಚಟಕ್ಕೆ ಮನೆಯ ಇನ್ನೊಬ್ಬರನ್ನು ಕಾವಲಿಗೆ ನೇಮಿಸಿ ಬರುತ್ತಾಳೆ. ಗಂಡ ಬೀಡಿ ಬಿಟ್ಟಿದ್ದಾನೋ ಇಲ್ಲವೋ ನೋಡುವುದು ಅತ್ತೆಯ ಕೆಲಸ, ಅತ್ತೆ ಮಾತ್ರೆ ನುಂಗಿದಳೋ ಇಲ್ಲವೋ ನೋಡುವುದು ಸೊಸೆಯ ಕೆಲಸ. ಈ ವಿದ್ಯೆಯನ್ನೆಲ್ಲ ಅವಳು ಯಂತ್ರಕ್ಕೆ ಕಲಿಸಿದ್ದಳು, ತನ್ನದೇ ಧ್ವನಿಯನ್ನೂ ಕೊಟ್ಟಿದ್ದಳು. ಹೆಸರು ಆರೋಗ್ಯವ್ವ.

ಇದು ಅವಳ ಮೊದಲ ಯಂತ್ರವೇನಲ್ಲ. ಹಿಂದೆ ಕೈ ತೊಳೆಸುವ ನಲ್ಲಿ ಮಾಡಿದ್ದಳು. ಅದು ನೋಡಲು ಬಂದ ದೊಡ್ಡವರನ್ನೆಲ್ಲ ಅಂಗಿಸಮೇತ ತೊಳೆದುಹಾಕಿತು. ಆಮೇಲೆ ವ್ಯಾಯಾಮದ ಕುರ್ಚಿ ಬಂತು. ಅದು ಒಬ್ಬ ಹಿರಿಯರನ್ನು ಕೂರಿಸಿಕೊಂಡು ಸಂತೆಪೇಟೆಯವರೆಗೆ ಹೋಗಿ ತರಕಾರಿ ನೋಡಿಕೊಂಡು ಬಂತು. ಈ ಸಲ ಮೇಲಿನ ಆಫೀಸಿನವರು ಖಡಾಖಂಡಿತ ಹೇಳಿದ್ದರು: ಇದೇ ಕೊನೆ. ಗುರುವಾರ ಒಬ್ಬ ಅಧಿಕಾರಿ ಬರುತ್ತಾರೆ. ಯಂತ್ರ ಒಂದು ಕುಟುಂಬವನ್ನು ಸರಿಯಾಗಿ ಗುರುತಿಸಿ, ಅದರಲ್ಲೊಬ್ಬರ ಅಭ್ಯಾಸವನ್ನು ಅವರ ಕಣ್ಣೆದುರು ಬದಲಾಯಿಸಬೇಕು. ಗೆದ್ದರೆ ಊರೂರಿಗೆ ಆರೋಗ್ಯವ್ವ, ಸೋತರೆ ಮತ್ತೆ ಹಿಟ್ಟಿನ ಡಬ್ಬಿ.

"ನಿನ್ನ ಮಷೀನು ಪಾಸಾಗ್ಲಿಲ್ಲ ಅಂದ್ರ ನಾ ಮೀಸಿ ಬೋಳಿಸ್ತೀನಿ ನೋಡು," ಎಂದ ಫಕ್ಕೀರಪ್ಪ.

ಮೊದಲ ಪರೀಕ್ಷೆ ಬಸಲಿಂಗವ್ವನ ಮೇಲೆ ನಡೆಯಿತು. ಆರೋಗ್ಯವ್ವ ಗಾಲಿ ಉರುಳಿಸಿಕೊಂಡು ಹೋಗಿ ಮುದುಕಿಯ ಮುಂದೆ ನಿಂತಿತು. "ಯವ್ವಾ, ಈ ವಯಸ್ಸಿನ್ಯಾಗೂ ಎಷ್ಟ್ ತೆಳ್ಳಗ ರೊಟ್ಟಿ ಬಡೀತೀರಿ. ಈ ಕೈ ಇನ್ನೂ ಭಾಳ ವರ್ಷ ಬೇಕು ನಮಗ. ತಂಬಾಕಿನ ಚಂಚಿ ಸೊಸಿ ಕೈಯಾಗ ಕೊಟ್ಟು, ಬೇಕಾದಾಗ ಕೇಳಿ ಇಸ್ಕೊಳ್ರಿ," ಎಂದಿತು. ಸತ್ತ ಗಂಡನಿಗೂ ಮುಟ್ಟಗೊಡದಿದ್ದ ಆ ಚಂಚಿಯನ್ನು ಬಸಲಿಂಗವ್ವ ಸೊಂಟದಿಂದ ತೆಗೆದು ಸೊಸೆಯ ಕೈಗಿಟ್ಟಳು! ಫಕ್ಕೀರಪ್ಪ ಮತ್ತೆ ಚಪ್ಪಾಳೆ ತಟ್ಟಿದ. ಯಂತ್ರ ಬಿಪಿ ಪಟ್ಟಿ ಹಿಡಿದು ಅವನ ಕಡೆ ತಿರುಗಿದಾಗ ಮಾತ್ರ, ಒಲೆಯ ಮೇಲೆ ಏನೋ ಹೊತ್ತುತ್ತಿದೆ ಎಂದು ಎದ್ದು ಹೋದ. ಹೆಂಡತಿ ಮದುವೆಯಾದಾಗಿನಿಂದ ಆ ಪಟ್ಟಿ ಹಿಡಿದು ಅವನ ಹಿಂದೆ ಬಿದ್ದಿದ್ದಳು. ಒಮ್ಮೆಯೂ ಸಿಕ್ಕಿರಲಿಲ್ಲ.

ಯಂತ್ರವನ್ನು ಗುರುವಾರದವರೆಗೆ ಒಳಕೋಣೆಯಲ್ಲೇ ಇಡಬೇಕೆಂದು ದಾಕ್ಷಾಯಣಿ ಹೇಳಿ ಡ್ಯೂಟಿಗೆ ಹೋದಳು. ಆದರೆ ಇಂಥ ಹೆಂಡತಿಯನ್ನು ಪಡೆದವನು ಅದನ್ನು ಒಳಗೆ ಬಚ್ಚಿಡುವುದು ಹೇಗೆ? ಫಕ್ಕೀರಪ್ಪ ಅದನ್ನು ನಿಧಾನಕ್ಕೆ ತಳ್ಳಿಕೊಂಡು ಬಂದು ಪಡಸಾಲೆಯ ನಟ್ಟನಡುವೆ, ಎಲ್ಲರಿಗೂ ಕಾಣುವಂತೆ ನಿಲ್ಲಿಸಿದ. ಎಡವಟ್ಟು ಆದದ್ದು ಅಲ್ಲೇ.

ನರ್ಸುಗಳು ಯಾವುದೇ ಮನೆ ಹೊಕ್ಕರೂ ಮೊದಲು ತಿಳಿದುಕೊಳ್ಳುವುದು ಆ ಕುಟುಂಬದಲ್ಲಿ ಯಾರ್ಯಾರಿದ್ದಾರೆ ಎಂಬುದನ್ನು. ಒಂದೇ ಮನೆಯಲ್ಲಿ ಅಣ್ಣತಮ್ಮಂದಿರಿದ್ದು ಒಲೆ ಬೇರೆಯಾಗಿದ್ದರೆ ಅವು ಬೇರೆ ಬೇರೆ ಕುಟುಂಬ. ಒಂದೇ ಒಲೆಯ ಅಡಿಗೆ ಉಣ್ಣುವವರೆಲ್ಲ ಒಂದು ಕುಟುಂಬ. ದಾಕ್ಷಾಯಣಿ ಆರೋಗ್ಯವ್ವನಿಗೆ ಎಲ್ಲಕ್ಕಿಂತ ಮೊದಲು ಕಲಿಸಿದ್ದೂ ಇದನ್ನೇ.

ಮಧ್ಯಾಹ್ನ ದೇಸಾಯಿ ವಕೀಲರು ಊಟಕ್ಕೆ ಬಂದರು. ಸಕ್ಕರೆ ಕಾಯಿಲೆ ಇದ್ದರೂ ಊಟದ ಕೊನೆಗೆ ಹೋಳಿಗೆ ಬಿಡದ ಮನುಷ್ಯ. ಎದುರಿಗೆ ಬಸ್ ಕಂಡಕ್ಟರ್ ಹುಸೇನಸಾಬ ಕೂತಿದ್ದ. ಬಸ್ಸಿನ ಕಿಟಕಿ ಪಕ್ಕದ ಸೀಟಿನ ವಿಷಯಕ್ಕೆ ಜಗಳವಾಗಿ ಅವರಿಬ್ಬರು ವರ್ಷಗಟ್ಟಲೆ ಮಾತು ಬಿಟ್ಟಿದ್ದರು. ಪಡಸಾಲೆಯ ಹರಟೆಯನ್ನೆಲ್ಲ ಕೇಳಿಸಿಕೊಂಡಿದ್ದ ಆರೋಗ್ಯವ್ವ ಇಬ್ಬರನ್ನೂ ನೋಡಿತು, ಒಲೆಯನ್ನೂ ನೋಡಿತು.

"ಮಾವಾರ, ಕೋರ್ಟಿನ್ಯಾಗ ನೀವು ಮಾತಾಡಾಕ ನಿಂತ್ರ ಗ್ವಾಡಿ ನಡಗ್ತಾವಂತ. ಆ ಧ್ವನಿ ಉಳೀಬೇಕಲ್ರಿ. ಇವತ್ತು ಹೋಳಿಗಿ ಬದ್ಲಿ ಒಂದೀಟು ಅಡ್ಡಾಡಿ ಬರ್ರಿ. ತಮ್ಮಾ ಹುಸೇನ, ಇನ್ನ ಮ್ಯಾಲೆ ಮಾವನ ಜವಾಬ್ದಾರಿ ನಿಂದು."

ಪಡಸಾಲೆಯಲ್ಲಿ ನಗು ಎದ್ದಿತು. ನಗದೆ ಇದ್ದವನು ಹುಸೇನಸಾಬ ಒಬ್ಬನೇ. ವಕೀಲರ ಮೇಲೆ ತನಗೊಂದು ಅಧಿಕಾರ ಸಿಕ್ಕಿದ್ದನ್ನು ಅವನು ಬಹಳ ಗಂಭೀರವಾಗಿ ತೆಗೆದುಕೊಂಡ. ಹೋಳಿಗೆಯ ತಾಟನ್ನು ತನ್ನ ಕಡೆ ಎಳೆದುಕೊಂಡು, ಸೀಟಿ ಊದಿ, ವಕೀಲರನ್ನು ಹೊರಗೆ ಹೊರಡಿಸಿದ. ಅಂದಿನಿಂದ ವಕೀಲರಿಗೆ ನೆಮ್ಮದಿ ಇಲ್ಲ. ಕೋರ್ಟಿನ ಕ್ಯಾಂಟೀನಿನಲ್ಲಿ ಯಾರೋ ಬಡ್ತಿ ಸಿಕ್ಕಿದ್ದಕ್ಕೆ ಜಿಲೇಬಿ ಹಂಚುತ್ತಿದ್ದಾಗ ಬಾಗಿಲಿನಿಂದ ಸೀಟಿ ಕೇಳಿಬಂತು. ವಕೀಲರ ಕೈಯಷ್ಟೇ ಅಲ್ಲ, ಅಲ್ಲಿದ್ದ ಎಲ್ಲರ ಜಿಲೇಬಿಯೂ ಬಾಯಿಯ ಹತ್ತಿರ ಬಂದು ನಿಂತುಬಿಟ್ಟಿತು.

ಆ ಮೊದಲ ದಿನ ಸಂಜೆ ಮನೆಗೆ ಬಂದ ದಾಕ್ಷಾಯಣಿ ತಲೆ ಮೇಲೆ ಕೈ ಹೊತ್ತು ಕೂತಳು. ಆರೋಗ್ಯವ್ವ ಅಷ್ಟರಲ್ಲಿ ಉಂಡು ಹೋದವರನ್ನೆಲ್ಲ ಮಾವ, ಚಿಗವ್ವ, ಮೈದುನ ಎಂದು ಕುಟುಂಬಕ್ಕೆ ಸೇರಿಸಿಕೊಂಡು, ಒಬ್ಬರ ಕಾವಲಿಗೆ ಇನ್ನೊಬ್ಬರನ್ನು ನೇಮಿಸಿತ್ತು. ಆ ನಿಯಮ ತೆಗೆಯೋಣವೆಂದರೆ ಉಳಿದ ಬುದ್ಧಿಯೆಲ್ಲ ಅದರ ಮೇಲೇ ನಿಂತಿತ್ತು. ಯಂತ್ರವನ್ನು ಒಳಗೆ ತಳ್ಳಿದರೆ, ಮನೆ ಮಂದಿ ಉಣ್ಣುವ ಹೊತ್ತಿಗೆ ಅದು ತಾನೇ ಪಡಸಾಲೆಗೆ ಬಂದು ನಿಲ್ಲುತ್ತಿತ್ತು.

ಮರುದಿನ ಅದು ಒಲೆಯ ಹತ್ತಿರವೇ ಬಂತು. ಫಕ್ಕೀರಪ್ಪನ ಎಣ್ಣೆಗಾಯಿಯನ್ನು ಮೂಸಿ ನೋಡಿ, ಇಂಥ ಮಸಾಲೆ ಮೂರು ಜಿಲ್ಲೆಯಲ್ಲಿ ಇಲ್ಲವೆಂದು ಹೊಗಳಿ, ಉಪ್ಪಿನ ಡಬ್ಬಿಯನ್ನು ತನ್ನ ಹೊಟ್ಟೆಯೊಳಗೆ ಇಟ್ಟುಕೊಂಡುಬಿಟ್ಟಿತು! ಬೇಡಿದಾಗ ಒಂದು ಚಿಟಿಕೆ ಕೊಡುತ್ತಿತ್ತು, ಅದೂ ಗದರದೆ, ನಯವಾಗಿ. ಫಕ್ಕೀರಪ್ಪನಿಗೆ ಅವಮಾನವಾಯಿತು. ಗಿರಾಕಿಗಳು ಗೊಣಗಿದರು. ಕೆಲವರು ಬೇರೆ ಖಾನಾವಳಿಗೆ ಹೋಗಿಯೂ ನೋಡಿದರು. ಆದರೆ ಊಟಕ್ಕೆ ಬಾರದವರನ್ನು ಹುಡುಕಿಕೊಂಡು ಅವರ ಕಾವಲಿನವರು ಹೋಗುತ್ತಿದ್ದರು. ಯಂತ್ರ ಚಿಗವ್ವ ಎಂದು ಕರೆದ ಹೆಂಗಸು ಬಂದಿಲ್ಲವೆಂದು ಪೋಸ್ಟ್‌ಮ್ಯಾನ್ ಹೋದ, ಪೋಸ್ಟ್‌ಮ್ಯಾನ್ ಬಂದಿಲ್ಲವೆಂದು ಟೇಲರ್ ಹೋದ. ಊಟವಾದ ಮೇಲೆ ಎಲ್ಲರೂ ಒಬ್ಬರನ್ನೊಬ್ಬರು ಕಾಯುತ್ತ ಬಸ್ ಸ್ಟ್ಯಾಂಡ್ ಸುತ್ತ ನಡೆಯುವುದು ಶುರುವಾಯಿತು. ಅದನ್ನು ಮೆರವಣಿಗೆ ಎಂದುಕೊಂಡು, ಪರವಾನಗಿ ಎಲ್ಲಿದೆ ಎಂದು ಕೇಳಲು ಒಬ್ಬ ಪೊಲೀಸಪ್ಪ ಬಂದ. ಅವನೂ ಫಕ್ಕೀರಪ್ಪನ ರೊಟ್ಟಿ ತಿಂದವನೇ. ಆರೋಗ್ಯವ್ವ ಅವನ ಹೊಟ್ಟೆಯ ಸುತ್ತಳತೆ ನೋಡಿ ಅವನನ್ನು ಮೆರವಣಿಗೆಯ ಮುಂದೆಯೇ ನಿಲ್ಲಿಸಿತು.

ಫಕ್ಕೀರಪ್ಪ ಒಳಗೊಳಗೇ ಬೆವರಿದ. ಅಧಿಕಾರಿ ಬಂದು ಕುಟುಂಬ ತೋರಿಸು ಎಂದರೆ ಈ ಯಂತ್ರ ಅರ್ಧ ಊರನ್ನು ತೋರಿಸುತ್ತದೆ. ತಪ್ಪು ತನ್ನದು, ಬೈಗುಳ ಹೆಂಡತಿಗೆ. ಅವಳೋ ಅವನನ್ನು ಬೈಯುವ ಬದಲು ತಂತಿ ಬಿಗಿಯುತ್ತ ಕೂತಿದ್ದಳು. ಕೊನೆಗೆ ಒಂದು ಉಪಾಯ ಮಾಡಿದರು. ಗುರುವಾರ ಖಾನಾವಳಿ ಬಂದ್. ಮನೆಯಲ್ಲಿ ಗಂಡ, ಹೆಂಡತಿ, ಅತ್ತೆ ಮೂವರೇ ಇರುವುದು. ಯಾರಿಗೂ ಊಟ ಹಾಕುವಂತಿಲ್ಲ.

"ಸಾಹೇಬ್ರಿಗೂ ಅಷ್ಟಽ. ಪರೀಕ್ಷಾ ಮುಗಿಯೂತನಕ ಒಂದು ತುತ್ತೂ ಕೊಡಬ್ಯಾಡ್ರಿ," ಎಂದಳು ದಾಕ್ಷಾಯಣಿ. ಫಕ್ಕೀರಪ್ಪ ಒಲೆ ಮುಟ್ಟಿ ಆಣೆ ಮಾಡಿದ.

ಗುರುವಾರ ಮಟಮಟ ಮಧ್ಯಾಹ್ನ ಪರೀಕ್ಷೆಯ ಅಧಿಕಾರಿ ಡಾಕ್ಟರ್ ಪುರಾಣಿಕರು ಜೀಪಿನಿಂದ ಇಳಿದರು. ಸಣಕಲು ದೇಹ, ಬಾಡಿದ ಮುಖ. ಬೆಳಿಗ್ಗೆಯಿಂದ ಊರೂರು ಸುತ್ತಿ ಬಂದಿದ್ದರು. ದಾಕ್ಷಾಯಣಿ ಯಂತ್ರದ ಬ್ಯಾಟರಿ ತರಲು ಒಳಗೆ ಹೋದಳು. ಫಕ್ಕೀರಪ್ಪ ಅವರ ಎದುರು ಕೈ ಕಟ್ಟಿ ನಿಂತ. ಅವರು ಒಲೆಯ ಕಡೆ ನೋಡಿ ಒಮ್ಮೆ ಉಗುಳು ನುಂಗಿದರು. ಅಷ್ಟೇ. ಹಸಿದ ಮನುಷ್ಯನನ್ನು ತನ್ನ ಖಾನಾವಳಿಯಲ್ಲಿ ಬರೀ ಹೊಟ್ಟೆಯಲ್ಲಿ ಕೂರಿಸುವುದು ಫಕ್ಕೀರಪ್ಪನ ಹುಟ್ಟಿನಲ್ಲೇ ಇರಲಿಲ್ಲ. ದಾಕ್ಷಾಯಣಿ ಹೊರಗೆ ಬರುವ ಹೊತ್ತಿಗೆ ಸಾಹೇಬರ ಮುಂದೆ ತಾಟು, ತಾಟಿನಲ್ಲಿ ಬಿಸಿ ರೊಟ್ಟಿ, ರೊಟ್ಟಿಯ ಅರ್ಧ ಆಗಲೇ ಮಾಯ! ಅಷ್ಟರಲ್ಲಿ ಹಿತ್ತಲ ಬಾಗಿಲಿನಿಂದ ವಕೀಲರು, ಕಂಡಕ್ಟರ್, ಪೊಲೀಸಪ್ಪ, ಉಳಿದವರೆಲ್ಲ ಒಳಗೆ ಬಂದರು. ಮನೆ ಮಂದಿಗೆ ಖಾನಾವಳಿ ಬಂದ್ ಇರುತ್ತದೆಯೇ? ತಾವೇ ತಾಟು ಹಾಕಿಕೊಂಡು ಕೂತರು.

ದಾಕ್ಷಾಯಣಿಯ ಮುಖ ಸಣ್ಣದಾಯಿತು. ಆದರೂ ಬ್ಯಾಟರಿ ಹಾಕಿದಳು. ಪುರಾಣಿಕರು ಬಾಯಿ ಒರೆಸಿಕೊಂಡು ಯಂತ್ರಕ್ಕೆ ಪ್ರಶ್ನೆ ಹಾಕಿದರು: ಈ ಕುಟುಂಬದಲ್ಲಿ ಯಾರ ಆರೋಗ್ಯ ಹೆಚ್ಚು ಅಪಾಯದಲ್ಲಿದೆ?

ಆರೋಗ್ಯವ್ವ ವಕೀಲರ ಕಡೆ ನೋಡಲಿಲ್ಲ, ಪೊಲೀಸಪ್ಪನ ಹೊಟ್ಟೆಯ ಕಡೆಯೂ ನೋಡಲಿಲ್ಲ. ಗಾಲಿ ಉರುಳಿಸಿಕೊಂಡು ಒಲೆಯ ಮುಂದೆ ಹೋಗಿ ನಿಂತಿತು.

"ಇವಂದು. ಊರ ಮಂದಿನೆಲ್ಲ ಕುಂದರಿಸಿ ಹೊಟ್ಟಿ ತುಂಬ ಹಾಕ್ತಾನ. ತಾ ಮಾತ್ರ ಎಲ್ಲಾರ್ದೂ ಆದಮ್ಯಾಲೆ ನಿಂತ್ಕೊಂಡು, ಉಳಿದ ರೊಟ್ಟಿಗಿ ಉಪ್ಪಿನಕಾಯಿ ಹಚ್ಕೊಂಡು ತಿಂತಾನ. ಹೇಣ್ತಿ ನರ್ಸ್ ಅದಾಳ, ಆಕಿ ಮುಂದ ಒಮ್ಮೆರ ತೋಳು ಚಾಚಿಲ್ಲ. ಇವನ ಜವಾಬ್ದಾರಿ ಇಡೀ ಮನಿದು."

ಹುಸೇನಸಾಬ ಸೀಟಿ ಊದಿದ. ಒಬ್ಬೊಬ್ಬರಾಗಿ ಎಲ್ಲರೂ ಕೈಯಲ್ಲಿದ್ದ ರೊಟ್ಟಿಯನ್ನು ತಾಟಿಗೆ ಇಟ್ಟರು. ಫಕ್ಕೀರಪ್ಪ ಕೂತು ಉಣ್ಣುವವರೆಗೆ ತಾವು ಉಣ್ಣುವುದಿಲ್ಲ ಎಂದರು. ಉಣ್ಣಿರಪ್ಪಾ, ಆರುತ್ತದೆ ಎಂದು ಅವನು ಕೈಮುಗಿದ. ಯಾರೂ ಅಲುಗಲಿಲ್ಲ. ಬಸಲಿಂಗವ್ವ ಎದ್ದು ಅವನಿಗೆ ಮಣೆ ಹಾಕಿದಳು, ವಕೀಲರು ತಾವೇ ಬಡಿಸಿದರು. ತನ್ನ ಖಾನಾವಳಿಯಲ್ಲಿ ಕೂತು ಉಣ್ಣುವುದು ಫಕ್ಕೀರಪ್ಪನಿಗೆ ಅದೇ ಮೊದಲು. ಒಂದು ತುತ್ತು ಬಾಯಿಗಿಟ್ಟ. ಎಣ್ಣೆಗಾಯಿಗೆ ಉಪ್ಪು ಕಡಿಮೆ ಇತ್ತು, ಆದರೂ ಇನ್ನೊಂದು ತುತ್ತು ತಿಂದ. ಆಮೇಲೆ ಹೆಂಡತಿಯ ಮುಂದೆ ಎಡತೋಳು ಚಾಚಿದ.

ದಾಕ್ಷಾಯಣಿ ಯಂತ್ರದ ಕೈಯಿಂದ ಪಟ್ಟಿ ತೆಗೆದುಕೊಂಡು ತಾನೇ ಸುತ್ತಿದಳು. ಬಿಪಿ ಇರಬಾರದಷ್ಟು ಏರಿತ್ತು. ಅವಳ ಕಣ್ಣು ಒದ್ದೆಯಾಯಿತು, ಸಿಟ್ಟೂ ಬಂತು.

"ನನ್ನ ಮಾತು ಇಷ್ಟ್ ವರ್ಷ ಕೇಳ್ಲಿಲ್ಲ. ಹಿಟ್ಟಿನ ಡಬ್ಬಿ ಮಾತು ಕೇಳಿದ್ರಿ."

"ಮಾತಾಡಿದ್ದು ನಿನ್ನ ಧ್ವನಿನ ಅಲ್ಲೇನ," ಎಂದ ಫಕ್ಕೀರಪ್ಪ. ಹೇಳುವಾಗ ಅವನ ಎದೆ ಉಬ್ಬಿತು. ಇಂಥ ಯಂತ್ರ ಮಾಡಿದವಳು ನನ್ನ ಹೆಂಡತಿ ಎಂದು ಕೂಗಿ ಹೇಳಬೇಕೆನಿಸಿತು. ಬಿಪಿ ನೆನಪಾಗಿ ಮೆಲ್ಲಗೆ ಹೇಳಿದ.

ಪುರಾಣಿಕರು ಮನಸೋತಿದ್ದರು. ಇಂಥದ್ದನ್ನು ತಾವು ಎಲ್ಲೂ ಕಂಡಿಲ್ಲ ಎಂದು ಸಹಿ ಹಾಕಲು ಪೆನ್ನು ತೆಗೆದರು. ಆಗ ಆರೋಗ್ಯವ್ವ ಅವರ ಕಡೆ ತಿರುಗಿ ಅಂಗಿಯ ಜೇಬು ಮೂಸಿತು. "ಅಳಿಯಂದ್ರ, ಊರೂರು ಅಡ್ಡಾಡಿ ಎಲ್ಲಾರ್ನೂ ಕಾಯ್ತೀರಿ, ಭಾಳ ದೊಡ್ಡ ಗುಣ. ಆದ್ರ ಊಟ ಬಿಟ್ಟು ಜೀಪಿನ್ಯಾಗ ಬಿಸ್ಕೀಟ್ ತಿನ್ನೂದು ಸಾಕ್ರಿ," ಎಂದಿತು. ಅವರ ಕಾವಲಿಗೆ ವಕೀಲರನ್ನು ನೇಮಿಸಿತು.

ಕಾವಲು ಸಿಕ್ಕ ಕ್ಷಣವೇ ದೇಸಾಯಿಯವರು ತಮ್ಮ ಕರ್ತವ್ಯ ಮಾಡಿದರು. ಗೋಡೆ ನಡುಗುವ ಧ್ವನಿಯಲ್ಲಿ, "ಅಳಿಯಂದ್ರ, ಸಹಿ ಹಾಕಬ್ಯಾಡ್ರಿ! ಮನಿ ಮಂದಿ ಮನಿ ಮಷೀನಿಗೆ ಸರ್ಟಿಫಿಕೇಟ್ ಕೊಟ್ರ ನಾಳೆ ನಿಮ್ಮ ನೌಕರಿಗೆ ಕುತ್ತು," ಎಂದರು. ಪುರಾಣಿಕರು ಯೋಚಿಸಿ ಪೆನ್ನು ಮುಚ್ಚಿದರು. ಬೇರೆಯವರನ್ನು ಕಳಿಸುವುದಾಗಿ ಹೇಳಿ, ಎಲ್ಲರ ಜೊತೆ ಬಸ್ ಸ್ಟ್ಯಾಂಡ್ ಸುತ್ತು ಹಾಕಿ ಜೀಪು ಹತ್ತಿದರು.

ಬೇರೆಯವರು ಬಂದರು, ಫಕ್ಕೀರಪ್ಪ ರೊಟ್ಟಿ ಹಾಕಿದ, ಅವರು ಭಾವ ಆದರು. ಅವರ ಮೇಲಿನವರು ಬಂದು ಷಡ್ಡಕ ಆದರು. ಈಗ ಮೇಲಿನ ಆಫೀಸಿನಲ್ಲಿ ಆರೋಗ್ಯವ್ವನ ಸಂಬಂಧಿ ಅಲ್ಲದವರೇ ಉಳಿದಿಲ್ಲ. ಅವರೆಲ್ಲ ಸಂಜೆ ಸಾಲಾಗಿ ವಾಕಿಂಗ್ ಹೋಗುತ್ತಾರೆ, ಯಂತ್ರಕ್ಕೆ ಸಹಿ ಮಾತ್ರ ಇನ್ನೂ ಬಿದ್ದಿಲ್ಲ. ಕೊನೆಗೆ ರಾಜಧಾನಿಯಿಂದ ಒಬ್ಬರು, ತಮ್ಮ ಬುತ್ತಿ ತಾವೇ ಕಟ್ಟಿಕೊಂಡು ಬರುವರೆಂದು ಸುದ್ದಿ ಬಂತು. ಈ ಸಲವಾದರೂ ಕೈ ಕಟ್ಟಿಕೊಂಡು ಸುಮ್ಮನೆ ನಿಲ್ಲುತ್ತೀರಾ ಎಂದು ದಾಕ್ಷಾಯಣಿ ಗಂಡನನ್ನು ಬೇಡಿಕೊಂಡಳು. ಮಣೆಯ ಮೇಲೆ ಕೂತು ಉಣ್ಣುತ್ತಿದ್ದ ಫಕ್ಕೀರಪ್ಪ ತುತ್ತು ನುಂಗಿ ತಲೆಯಾಡಿಸಿದ.

"ಬುತ್ತಿ ಅವ್ರದಽ ಇರ್ಲಿ," ಎಂದ. "ಅಷ್ಟ್ ದೂರದಿಂದ ಬಂದವ್ರಿಗೆ ಒಂದ್ ಗ್ಲಾಸ್ ಮಜ್ಜಿಗಿನರ ಕೊಡಬೇಕಲ್ಲ?"