ಬೇನಜೀರಳಿಗೆ ಹಡಗಿನ ವರ

ಹೆಂಡತಿಯ ಅಕ್ಕನ ಮಗಳಿಗೆ ವರ ಹುಡುಕುವ ಮಹಾಕಾರ್ಯ ರದ್ದಿ ಅಂಗಡಿ ರಹಿಮಾನಸಾಬನ ಹೆಗಲಿಗೆ ಬಿದ್ದು ಎರಡು ತಿಂಗಳಾಗಿತ್ತು. ಹುಡುಕುವುದಿರಲಿ, ಆಸಾಮಿ ರಾಣೆಬೆನ್ನೂರಿನ ತನ್ನ ಅಂಗಡಿ ಬಿಟ್ಟು ಕದಲಿರಲಿಲ್ಲ. ಯಾರೋ ಪುಣ್ಯಾತ್ಮರು ಒಂದು ಮೂಟೆ ಜಪಾನಿ ಚಿತ್ರಕಥೆಯ ಪುಸ್ತಕಗಳನ್ನು ರದ್ದಿಗೆ ಹಾಕಿಹೋಗಿದ್ದರು. ಎಲ್ಲವೂ ಒಬ್ಬನೇ ಕಡಲುಗಳ್ಳನ ಕಥೆ. ಹುಲ್ಲಿನ ಟೊಪ್ಪಿಗೆ, ರಬ್ಬರಿನಂತೆ ಜಗ್ಗುವ ಮೈ, ಕಿವಿಯಿಂದ ಕಿವಿಯವರೆಗೆ ನಗೆ. (ಪಕ್ಕದ ಚಹಾದಂಗಡಿ ಹೊಳಿಯಪ್ಪ ಎಡದಿಂದ ಓದಲು ಹೋಗಿ, "ಮೊದಲ ಹೆಣಾ ಬೀಳತೈತಿ, ಆಮ್ಯಾಲ ಜಗಳ ಹತ್ತತೈತಿ, ಇದೆಂಥಾ ಕಥಿ ಮಾರಾಯಾ?" ಎಂದು ಕೈಬಿಟ್ಟಿದ್ದ. ಉರ್ದು ಶಾಲೆಯಲ್ಲಿ ಕಲಿತ ರಹಿಮಾನಸಾಬನಿಗೆ ಜಪಾನಿಯರಂತೆ ಬಲದಿಂದ ಎಡಕ್ಕೆ ಓದುವುದು ನೀರು ಕುಡಿದಷ್ಟು ಸಲೀಸು. ಇಂಗ್ಲಿಷು ತಿಳಿಯದ ಕಡೆ ಚಿತ್ರ ತಿಳಿಯುತ್ತಿತ್ತು.)

ಒಂದು ಮಧ್ಯಾಹ್ನ ಊಟಕ್ಕೆ ಕೂತಾಗ ಹೆಂಡತಿ ಸಕೀನಾಬಿ ಸೌಟು ಹಿಡಿದೇ ನಿಂತಳು.

"ಏನ್ರೀ, ಬೇನಜೀರಗ ಹುಡುಗನ್ನ ನೋಡೀರೋ ಇಲ್ಲೋ? ನಮ್ಮ ಆಪಾ ಬ್ಯಾಡಗಿಯಿಂದ ದಿನಾ ಮೂರು ಸಲ ಫೋನ್ ಮಾಡಾಕತ್ತಾಳ."

ಸೌಟು ನೋಡಿ ರಹಿಮಾನಸಾಬನ ಬಾಯಿ ಜಾರಿತು. "ನೋಡೇನಿ."

"ಖರೇನ? ಏನ್ ಮಾಡ್ತಾನ?"

ಅವನ ಕಣ್ಣೆದುರು ಆಗ ಇದ್ದವನು ಒಬ್ಬನೇ, ಆ ಹುಲ್ಲಿನ ಟೊಪ್ಪಿಗೆಯ ಕಡಲುಗಳ್ಳ. "ಹಡಗಿನ ಕ್ಯಾಪ್ಟನ್."

"ಯಾ ಅಲ್ಲಾ! ಮನಿತನ?"

"ಅವರಜ್ಜ ನೌಕಾದಳದಾಗ ದೊಡ್ಡ ಸಾಹೇಬ."

"ನಡತಿ?"

"ತಲಿ ಮ್ಯಾಲಿನ ಟೊಪ್ಪಿಗಿ ಇಳಸಂಗಿಲ್ಲ. ದೋಸ್ತರಿಗೆ ಜೀವಾ ಕೊಡ್ತಾನ."

"ಐಬು?"

ರಹಿಮಾನಸಾಬ ಮೂಲತಃ ಸತ್ಯಸಂಧ. "ಉಣ್ಣೂದು ಒಂದೀಟು ಹೆಚ್ಚು. ಮತ್ತ... ಈಜು ಬರೂದಿಲ್ಲ."

"ಹಡಗಿನ್ಯಾಗ ಕುಂತವಗ ಈಜು ಯಾಕ ಬೇಕ್ರಿ? ಬಸ್ ಡ್ರೈವರ್ ಓಡಿಕೋತ ಹೊಕ್ಕಾನೇನು?"

ಮರುದಿನ ಮೊದಲ ಬಸ್ಸಿಗೇ ಆಪಾ, ಅಂದರೆ ಸಕೀನಾಬಿಯ ಅಕ್ಕ ದೌಲತಬಿ, ಮಗಳನ್ನೂ ಮಿಠಾಯಿ ಬುಟ್ಟಿಯನ್ನೂ ಹೊತ್ತು ಇಳಿದಳು. ಬೇನಜೀರಳ ಮುಖ ಬಾಡಿತ್ತು. ಅವಳು ನರ್ಸಿಂಗ್ ಓದುತ್ತಿದ್ದಳು; ಕೊನೆಯ ವರ್ಷದೊಳಗೆ ನಿಕಾಹ್ ಮುಗಿಸಬೇಕೆಂದು ತಾಯಿ ಹಟ ಹಿಡಿದಿದ್ದಳು.

"ಹುಡುಗ ನೋಡಾಕ ಹೆಂಗದಾನ್ರಿ, ರಹಿಮಾನಭಾಯಿ?"

"ಸಣಕಲ ಮೈ... ಕಣ್ಣಿನ ಕೆಳಗ ಒಂದು ಗಾಯದ ಗುರ್ತು... ಹುಲ್ಲಿನ ಟೊಪ್ಪಿಗಿ..."

ಚಹಾ ಕುಡಿಯುತ್ತಿದ್ದ ಬೇನಜೀರಳಿಗೆ ನೆತ್ತಿಗೇರಿತು. ಹಾಸ್ಟೆಲಿನ ಗೆಳತಿಯರ ಫೋನಿನಲ್ಲೆಲ್ಲ ಚಿತ್ರಕಥೆಯ ಆ ಕಡಲುಗಳ್ಳನೇ ಇದ್ದ! ಕೆಮ್ಮುತ್ತ ಕೆಮ್ಮುತ್ತ ಅವಳು ಖಾಲೂನ ಮುಖ ನೋಡಿದಳು. ಚಿಕ್ಕಮ್ಮನ ಗಂಡನಾದ ಆ ಖಾಲೂ ಕಣ್ಣಲ್ಲೇ ಕೈಮುಗಿದ. ಬೇನಜೀರ ಸೆರಗು ಸರಿಪಡಿಸಿಕೊಂಡು ತಲೆ ತಗ್ಗಿಸಿದಳು.

"ಅಮ್ಮಿ, ನನಗ ಒಪ್ಪಿಗಿ ಐತಿ. ಲಗ್ನಾ ಆದ್ರ ಅವನ್ನ ಆಗಾಕಿ. ಇನ್ನ ಬ್ಯಾರೆ ಯಾರನ್ನೂ ತೋರಸಬ್ಯಾಡ್ರಿ."

ಅಕ್ಕ-ತಂಗಿ ತಬ್ಬಿಕೊಂಡು ಅತ್ತರು. ರಹಿಮಾನಸಾಬನಿಗೂ ಅಳು ಬಂತು, ಕಾರಣ ಬೇರೆ.

"ಹುಡುಗ ಯಾವಾಗ ಬರ್ತಾನ?" ದೌಲತಬಿ ಕೇಳಿದಳು.

"ಸಮುದ್ರದ ಮ್ಯಾಲ ಅದಾನ. ಹೇಳಾಕಾಗಂಗಿಲ್ಲ."

"ಹಂಗಾರ ನೀವ ಹೋಗಿ ಕರ್ಕೊಂಡ ಬರ್ರಿ. ಕಾರವಾರಕ್ಕ ಹಡಗ ಬರ್ತಾವಂತಲ್ಲ."

ಮೂವರು ಹೆಂಗಸರು ಕೂಡಿ ಮನಸ್ಸು ಮಾಡಿದರೆ ಗಂಡಸಿನ ಮಾತು ಗಾಳಿಗಿಟ್ಟ ಹೊಟ್ಟು. ಸಂಜೆಯ ಹೊತ್ತಿಗೆ ಅವನು ಹುಬ್ಬಳ್ಳಿ ಬಸ್ಸಿನ ಕಿಟಕಿಗೆ ಒರಗಿ ಕೂತಿದ್ದ. ಅಲ್ಲಿಂದ ಮುಂದೆ ಕಾರವಾರ. ನೀರಿನ ಬಾಟಲಿ ಕೊಡುವ ನೆಪದಲ್ಲಿ ಬೇನಜೀರ ಕಿಟಕಿಯ ಹತ್ತಿರ ಬಂದು ಪಿಸುಗುಟ್ಟಿದಳು:

"ಖಾಲೂ, ನನ್ನ ಪರೀಕ್ಷಾ ಮುಗಿಯೋ ತನಕ ಹುಡುಗ ಸಿಗಬಾರದು. ತಿಂಗಳಿಗೊಮ್ಮೆ ಹೋಗಿ ಹುಡುಕಿ ಬರ್ರಿ. ಇಲ್ಲಂದ್ರ ಮಧ್ಯಾಹ್ನ ಅಂಗಡ್ಯಾಗ ನಾ ನೋಡಿದ ಪುಸ್ತಕದ ಮೂಟಿ ಸಕೀನಾ ಖಾಲಾಗ ತೋರಸ್ತೇನಿ."

"ಪರೀಕ್ಷಾ ಯಾವಾಗವ್ವಾ?"

"ಇನ್ನೂ ಎರಡ ವರ್ಷ ಐತಿ."

ಬಸ್ಸು ಹೊರಟಿತು. ಸ್ಟ್ಯಾಂಡಿನ ಗೇಟು ದಾಟುವಷ್ಟರಲ್ಲಿ ಸಕೀನಾಬಿ ಬುರ್ಖಾ ಎತ್ತಿ ಹಿಡಿದು ಏದುಸಿರು ಬಿಡುತ್ತ ಪಕ್ಕದಲ್ಲೇ ಓಡಿಬಂದಳು. ಗುಟ್ಟು ಬಯಲಾಯಿತೆಂದು ರಹಿಮಾನಸಾಬ ಸೀಟಿನಲ್ಲೇ ತಗ್ಗಿ ಕೂತ.

"ಏನ್ರೀ! ಆ ಹುಡುಗಗ ತಮ್ಮ ಅದಾನೇನು, ಅದನ್ನೂ ಕೇಳ್ಕೊಂಡ ಬರ್ರಿ! ನಮ್ಮಣ್ಣನ ಮಗಳು ಸಾಜಿಯಾನೂ ಲಗ್ನಕ್ಕ ಬಂದಾಳ!"