ಅಳೇತನಕ್ಕೆ ಬಂದ ಯೀಸ್ಟ್

ಗಂಡಸಿಗೆ ತಾನು ಮಾಡುವ ಕೆಲಸ ಗೊತ್ತಿದ್ದರೆ ಸಾಲದು, ಅದನ್ನು ಹೆಂಡತಿಯ ತವರಿಗೆ ವಿವರಿಸಲೂ ಬರಬೇಕು. ಮೇಷ್ಟ್ರು, ಡಾಕ್ಟರು, ಬ್ಯಾಂಕಿನವರು ಪುಣ್ಯವಂತರು. ಅವರದು ಒಂದೇ ಮಾತಿಗೆ ಮುಗಿಯುತ್ತದೆ. ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ದೂರದ ತಂಪು ಊರೊಂದರಲ್ಲಿ ಯೀಸ್ಟಿನ ತಳಿಶಾಸ್ತ್ರದಲ್ಲಿ ಸಂಶೋಧನೆ ಮಾಡುತ್ತಿದ್ದೆ. ಬಳ್ಳಾರಿಯ ಸತ್ಯನಾರಾಯಣಪೇಟೆಯ ನಮ್ಮ ಮನೆಯಲ್ಲಿ ಅಮ್ಮ ಅದನ್ನು 'ಹಿಟ್ಟು ಉಬ್ಬಿಸೋ ಓದು' ಎಂದು ತೀರ್ಮಾನಿಸಿ ನೆಮ್ಮದಿಯಾಗಿದ್ದಳು. ಆದರೆ ಹೆಣ್ಣು ನೋಡಲು ಸಿರುಗುಪ್ಪಕ್ಕೆ ಹೋದಾಗ, ಹುಡುಗಿಯ ಸೋದರಮಾವ, ಕುರುಗೋಡಿನವರು, ವಿಭೂತಿ ಬಳಿದ ಹಣೆಯನ್ನು ಗಂಟಿಕ್ಕಿ, "ಯೀಸ್ಟ್ ಅಂದ್ರ ಹೆಂಡ ಹುಳಿ ಬರಸೋದಲ್ರೀ?" ಎಂದರು. 'ಅದೂ ಹೌದು' ಎನ್ನುವ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಅಪ್ಪ ನನ್ನ ತೊಡೆ ಚಿವುಟಿ, "ಔಷಧದ ಕೆಲಸ ರೀ" ಎಂದುಬಿಟ್ಟರು. ಹಾಗಾಗಿ ಗಿರಿಜೆಯೊಂದಿಗೆ ನನ್ನ ಮದುವೆಯಾಯಿತು.

ಮದುವೆಯಾದ ಮೊದಲ ಬೇಸಿಗೆಯಲ್ಲಿ ಅಳೇತನಕ್ಕೆ ಕರೆ ಬಂತು. ಹೊಸ ಅಳಿಯ ಅತ್ತೆಮನೆಯಲ್ಲಿ ಕೆಲವು ದಿನ ಕೂತು ತಿನ್ನುವುದೇ ಅಳೇತನ; ಬೇರೆ ಅರ್ಹತೆ ಬೇಕಿಲ್ಲ. ಅದೇ ಹೊತ್ತಿಗೆ ನಮ್ಮ ಪ್ರಯೋಗಾಲಯದ ಫ್ರಿಜ್ ಕೆಟ್ಟು ಕೂತಿತು. ಅದರೊಳಗೆ ನನ್ನ ಎರಡು ವರ್ಷದ ದುಡಿಮೆಯಿತ್ತು: ಒಂದು ವಿಚಿತ್ರ ಯೀಸ್ಟ್ ತಳಿ. ಜೀವಕೋಶ ತನ್ನ ಪ್ರೋಟೀನಿಗೆ ಸಕ್ಕರೆಯ ಸರ ಅಂಟಿಸಿ ಗ್ಲೈಕೊಪ್ರೋಟೀನು ಮಾಡಿಕೊಳ್ಳುತ್ತದೆ. ನನ್ನ ತಳಿಗೆ ತಂಪಿನಲ್ಲಿ ಅದು ಬರುತ್ತಿತ್ತು, ಸೆಕೆಯಾದರೆ ಬರುತ್ತಿರಲಿಲ್ಲ, ಸೊರಗಿ ಸಾಯುತ್ತಿತ್ತು. ಅದು ಸತ್ತರೆ ನನ್ನ ಡಾಕ್ಟರೇಟೂ ಸತ್ತಂತೆ. ಇಂಥದ್ದನ್ನು ಮೇ ತಿಂಗಳಲ್ಲಿ ಬಳ್ಳಾರಿ ಸೀಮೆಗೆ ಒಯ್ಯುವುದು ಬುದ್ಧಿವಂತರ ಕೆಲಸವಲ್ಲ. ಆದರೆ ಬೇರೆ ಯಾರ ಮೇಲೂ ನನಗೆ ನಂಬಿಕೆ ಇರಲಿಲ್ಲ. ಗಾಜಿನ ನಳಿಗೆಗಳನ್ನು ಫ್ಲಾಸ್ಕಿಗೆ ಇಳಿಸಿ, ದಾರಿಯಲ್ಲಿ ಬಳ್ಳಾರಿಯ ಕೌಲ್ ಬಜಾರಿನಲ್ಲಿ ಹೊಸ ಐಸು ತುಂಬಿಸಿಕೊಂಡು, ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡು ಸಿರುಗುಪ್ಪದ ಬಸ್ಸು ಹತ್ತಿದೆ.

ಅತ್ತೆ ಹೊಸ ಅಳಿಯನ ಜೊತೆ ನೇರವಾಗಿ ಮಾತಾಡುತ್ತಿರಲಿಲ್ಲ. ಬಾಗಿಲ ಮರೆಯಲ್ಲಿ ನಿಂತು ಮಗಳಿಗೆ ಹೇಳುವರು, ಮಗಳು ನನಗೆ ಹೇಳುವಳು. ನಾನು ಎದುರಿಗೇ ಕೂತು ಎಲ್ಲ ಕೇಳಿಸಿಕೊಂಡಿದ್ದರೂ ಮತ್ತೊಮ್ಮೆ ಕೇಳಬೇಕು. ಐಸು ಕರಗಿತ್ತು. ಅತ್ತೆ ನೀರಿನ ಹರವಿಗಳ ಕೆಳಗಿನ ಒದ್ದೆ ಮರಳಿನಲ್ಲಿ, ವೀಳ್ಯದೆಲೆ ಇಡುವ ಕಡೆ, ನಳಿಗೆಗಳಿಗೆ ಜಾಗ ಮಾಡಿಕೊಟ್ಟರು.

"ಅದಕ್ಕ ಏನಾಗೈತಂತ ಕೇಳು" ಎಂದಿತು ಬಾಗಿಲು.

ನಾನು ಗಿರಿಜೆಗೆ ಸವಿಸ್ತಾರವಾಗಿ ಪಾಠ ಮಾಡಿದೆ. ಅವಳು ಅದನ್ನು ಹಿಂಡಿ ಒಂದೇ ಸಾಲು ಮಾಡಿದಳು: "ಸೆಕಿ ಆದ್ರ ಅದಕ್ಕ ಸಕ್ಕರಿ ಹಚ್ಚಿಕೊಳ್ಳಾಕ ಬರಂಗಿಲ್ಲಂತವ್ವಾ, ಸೊರಗತೈತಂತ."

"ಅಯ್ಯ, ಪಾಪ!"

ಆ 'ಪಾಪ'ದಲ್ಲಿದ್ದ ಅಪಾಯ ನನಗೆ ಹೊಳೆಯಬೇಕಿತ್ತು. ಹೊಟ್ಟೆ ತುಂಬ ಹೋಳಿಗೆ ಇದ್ದಾಗ ನನಗೆ ಏನೂ ಹೊಳೆಯುವುದಿಲ್ಲ.

ಮರುದಿನ ನೋಡಿದರೆ ಪ್ರತಿ ನಳಿಗೆಯ ಹತ್ತಿಯ ಬಿರಡೆಯೂ ಸಡಿಲ! ಒಳಗೆ ಸಕ್ಕರೆ ಹರಳು, ಒಂದಿಷ್ಟು ನೀರು, ಸಣ್ಣಗೆ ನೊರೆ. ಅಳೇತನದ ಮನೆಯಲ್ಲಿ ಯಾರೂ ಸಿಹಿಯಿಲ್ಲದೆ ಇರಬಾರದೆಂದು ಅತ್ತೆ ಅದಕ್ಕೂ ಉಣಿಸಿದ್ದರು. ಗಾಳಿಯಲ್ಲಿದ್ದ ಊರಿನ ಯೀಸ್ಟೆಲ್ಲ ಪಂಕ್ತಿಗೆ ಬಂದು ಕೂತಿತ್ತು. ಕೂಗಲು ಬಾಯಿ ತೆರೆದೆ.

"ಈಗ ಚಲೋ ಐತೇನ ಕೇಳು" ಎಂದಿತು ಬಾಗಿಲು, ಬಾಣಂತಿಯ ಕೂಸನ್ನು ವಿಚಾರಿಸುವಷ್ಟು ಕಕ್ಕುಲಾತಿಯಿಂದ. ನನ್ನ ಸಂಶೋಧನೆಯ ಬಗ್ಗೆ ಅಷ್ಟು ಪ್ರೀತಿಯಿಂದ ನನ್ನ ಗೈಡ್ ಕೂಡ ಎಂದೂ ಕೇಳಿರಲಿಲ್ಲ. ತೆರೆದ ಬಾಯಿಯಿಂದ "ಚಲೋ ಐತ್ರಿ" ಎಂದೆ.

ರಜೆ ಮುಗಿಸಿ ಗಿರಿಜೆಯೊಂದಿಗೆ ಹಿಂತಿರುಗಿದವನು ಹಗಲಿಡೀ ಪ್ರಯೋಗಾಲಯದಲ್ಲೇ ಬಿದ್ದುಕೊಂಡೆ. ಆ ಕಲಬೆರಕೆಯನ್ನು ತಟ್ಟೆಗಳ ಮೇಲೆ ಹರಡಿ, ಅಲ್ಲಿ ಬೆಳೆದ ಯೀಸ್ಟಿನ ಒಂದೊಂದು ಚುಕ್ಕೆಯನ್ನೂ ಬೇರೆ ಮಾಡಿ, ತಂಪಿನಲ್ಲಿ ಒಂದು ಪಾಲು, ಸೆಕೆಯಲ್ಲಿ ಒಂದು ಪಾಲು ಬೆಳೆಸಿದೆ. ಸಿರುಗುಪ್ಪದ ಯೀಸ್ಟುಗಳು ಸೆಕೆಯಲ್ಲಿ ಹಬ್ಬ ಮಾಡಿದವು. ತಂಪಿನಲ್ಲಿ ಚೆನ್ನಾಗಿದ್ದು ಸೆಕೆಯಲ್ಲಿ ಮಾತ್ರ ಸೊರಗುವುದು ಯಾವುದೆಂದು ಹುಡುಕುತ್ತಾ ತಿಂಗಳು ಕಳೆಯಿತು. ಕೊನೆಗೊಂದು ದಿನ ಸಿಕ್ಕಿತು, ನನ್ನದೇ ತಳಿ! ಅಕ್ಷರಶಃ ಓಡಿಕೊಂಡು ಮನೆಗೆ ಬಂದು, ಅದನ್ನು ಗುರುತು ಹಿಡಿದ ಬಗೆಯನ್ನು ಗಿರಿಜೆಗೆ ಹೆಮ್ಮೆಯಿಂದ ವಿವರಿಸಿದೆ.

ಅವಳು ಸೊಪ್ಪು ಸೋಸುತ್ತಲೇ ಕೇಳಿಸಿಕೊಂಡು ಹೇಳಿದಳು: "ಸೆಕಿಗೆ ಮುದುಡಿ ಬಿದ್ದದ್ದು ನಿಮ್ದು ಅಂತ ತಿಳಿಯಾಕ ಒಂದು ತಿಂಗಳು ಬೇಕಾತೇನ್ರಿ? ನೀವು ಹರವಿ ಪಕ್ಕದಾಗ ಒದ್ದಿ ಟವಲ್ ಹೊದ್ದು ಮಲಗಿದ್ದು ನೋಡಿ ನಮ್ಮವ್ವ ಅವತ್ತ ಅಂದಿದ್ಲು, ಎರಡೂ ಒಂದ ತಳಿ ಅಂತ."