ಹಿಮನದಿಗೂ ಆರದ ಹೊಟ್ಟೆಕಿಚ್ಚು

ಹೊಟ್ಟೆಕಿಚ್ಚಿಗೆ ಮದ್ದಿಲ್ಲ ಅಂತಾರೆ. ನಾವಿರುವ ಡೈಮಂಡ್ ಬಾರ್ ಊರಿನಲ್ಲಿ ಯಾರಾದರೂ ಟ್ರಿಪ್ ಮುಗಿಸಿ ಬಂದರೆ ಸಾಕು, ನನ್ನ ಮನೆಯಲ್ಲಿ ಏನಾದರೊಂದು ನಡೆದೇ ನಡೆಯುತ್ತದೆ.

ತೀರ್ಥ

ಎದುರುಮನೆಯವಳು ಉಡುಪಿ ಕಡೆಯವಳು. ಅಲಾಸ್ಕಾದ ಕಾಡುಮೂಲೆಗೆ ಸಣ್ಣ ಹಡಗಿನಲ್ಲಿ ಹೋಗಿ ಹಿಮನದಿ ನೋಡಿ ಬಂದಳು. ಅದರ ಐಸು ಕರಗಿದ ನೀರನ್ನು ಪುಟ್ಟ ಸ್ಟೀಲ್ ಬಾಟಲಿಯಲ್ಲಿ ತಂದು, ಸತ್ಯನಾರಾಯಣ ಪೂಜೆಯ ದಿನ ಎಲ್ಲರಿಗೂ ಒಂದೊಂದು ಉದ್ಧರಣೆ ಕೊಟ್ಟಳು.

"ಎಷ್ಟೋ ಹಳೇ ಕಾಲದ ನೀರು ಮಾರಾಯ್ರೆ, ಕುಡಿದ್ರೆ ಹೊಟ್ಟೆಯೆಲ್ಲ ತಂಪಾಗ್ತದೆ!"

ಕುಡಿದೆ. ನನಗೆ ಇನ್ನಷ್ಟು ಉರಿಯಿತು.

ಮೌನ

ನನ್ನ ಗಂಡನ ಕೆಲಸ ಸ್ಯಾನ್ ಪೀಡ್ರೊ ಬಂದರಿನಲ್ಲಿ. "ರೀ, ನಾವೂ ಹಡಗಲ್ಲಿ ಹೋಗೋಣ" ಅಂದೆ.

"ದಿನಾ ಹಡಗು ನೋಡಿ ಸಾಕಾಗಿದೆ ಕಣೆ. ಕಂಡಕ್ಟರನ್ನ ರಜೆಯಲ್ಲೂ ಬಸ್ ಹತ್ತಿಸ್ತೀಯಲ್ಲ!"

ಸಿಟ್ಟು ಬಂದು ಮಾತು ಬಿಟ್ಟೆ. ಪುಣ್ಯಾತ್ಮ ಆರಾಮಾಗಿ ಕ್ರಿಕೆಟ್ ನೋಡಿಕೊಂಡಿದ್ದರು. ಸರಿ, ಮತ್ತೆ ಮಾತು ಶುರು ಮಾಡಿದೆ. ಮರುದಿನವೇ ಅಲಾಸ್ಕಾಗೆ ಟಿಕೆಟ್ ಬುಕ್ ಮಾಡಿದರು.

ಕಣ್ಣೀರು

ಹಡಗಿನಿಂದ ರಬ್ಬರ್ ದೋಣಿಗೆ ಇಳಿಸಿ ಹಿಮನದಿಯ ಹತ್ತಿರ ಕರೆದೊಯ್ದರು. ನೀಲಿ ನೀಲಿ ಐಸಿನ ಗುಡ್ಡ! ತೆರೆದ ಬಾಯಿ ಮುಚ್ಚಲಿಲ್ಲ. ಗೈಡ್ ಹುಡುಗಿ ಬೇಜಾರಿನಿಂದ, ಹೋದ ವರ್ಷ ಇದು ಆ ಬಂಡೆಯ ತನಕ ಇತ್ತು, ಕರಗಿ ಹಿಂದೆ ಹೋಗಿದೆ ಅಂದಳು. ನನಗೆ ಅಳುವೇ ಬಂತು. ಅವಳು ನನ್ನ ಭುಜ ಸವರಿ, ಪ್ರಕೃತಿ ಅಂದರೆ ಇಷ್ಟು ಕರಗುವವರು ಅಪರೂಪ ಅಂದಳು.

ನಾನು ಗಂಡನ ಕಿವಿಯಲ್ಲಿ ಕೇಳಿದೆ: "ಅಂದ್ರೆ ಹೋದ ವರ್ಷ ಎದುರುಮನೆಯವಳು ನೋಡಿದ್ದು ಇದಕ್ಕಿಂತ ದೊಡ್ಡದಾ ರೀ?"

ಬೂಟು

ಊರಿಗೆ ಬಂದವಳೇ ಎದುರುಮನೆ ಗಂಡ-ಹೆಂಡತಿಯನ್ನು ಊಟಕ್ಕೆ ಕರೆದೆ. ಬಿಸಿಬೇಳೆಬಾತ್ ಬಡಿಸಿ, ಟೀವಿಯಲ್ಲಿ ಫೋಟೋ ಹಾಕಿದೆ. ಅವಳಿಗೂ ಒಂದು ಸಲ ಹೊಟ್ಟೆ ಉರಿಯಬೇಕು, ನನಗೆ ಬೇಕಾಗಿದ್ದು ಅಷ್ಟೇ.

ಹಿಮನದಿ ಬಂತು. "ನಾವು ಹೋದಾಗ ಬಿಸಿಲಿತ್ತು, ಫೋಟೋ ಲಾಯ್ಕ್ ಬಂದಿತ್ತು" ಅಂದಳು. ತಿಮಿಂಗಿಲ ಬಂತು. "ನಮಗೆ ಮರಿ ಸಮೇತ ಸಿಕ್ಕಿತ್ತು." ಥೂ, ಅಷ್ಟು ದೂರ ಹೋಗಿದ್ದೇ ದಂಡ ಅನ್ನಿಸಿತು.

ಆಮೇಲೆ ಗೈಡ್ ಹುಡುಗಿ ತೆಗೆದ ಫೋಟೋ ಬಂತು. ಹಡಗಿನ ಬಾಗಿಲ ಹತ್ತಿರ ನಾನು ರಾಣಿ ಹಾಗೆ ಕೂತಿದ್ದೇನೆ. ನನ್ನ ಗಂಡ ಮಂಡಿಯೂರಿ ನನ್ನ ಕಾಲಿನ ಗಮ್‌ಬೂಟು ಬಿಚ್ಚುತ್ತಿದ್ದಾರೆ.

"ನಿಲ್ಲಿಸಿ, ನಿಲ್ಲಿಸಿ!" ಎದುರುಮನೆಯವಳು ಎದ್ದೇಬಿಟ್ಟಳು. ತನ್ನ ಗಂಡನ ಕಡೆ ತಿರುಗಿ, "ಕಣ್ಣು ಬಿಟ್ಟು ನೋಡಿ! ಮದುವೆ ದಿನ ಕಾಲುಂಗುರ ಹಾಕಿದ್ದೇ ಕೊನೆ, ಆಮೇಲೆ ಈ ಕಾಲು ಮುಟ್ಟಿದ್ದುಂಟಾ ನೀವು?" ಪಾಪ, ಅವರು ತಲೆ ಎತ್ತದೆ ಬಿಸಿಬೇಳೆಬಾತ್ ತಿಂದರು.

ಅಬ್ಬಾ! ಆಗ ನನ್ನ ಹೊಟ್ಟೆ ತಣ್ಣಗಾಯಿತು.

ನನ್ನವರು ಏನೋ ಹೇಳಲು ಬಾಯಿ ತೆರೆದರು. ಥಟ್ಟನೆ ಇನ್ನೊಂದು ಸೌಟು ಬಡಿಸಿ ಬಾಯಿ ಮುಚ್ಚಿಸಿದೆ. ಹಡಗಿನವರು ದೋಣಿಗೆ ಹಾಕಿಕೊಳ್ಳುವ ಬೂಟು ಇಡಲು ಒಬ್ಬೊಬ್ಬರಿಗೂ ಬೇರೆ ಗೂಡು ಕೊಟ್ಟಿದ್ದರೂ, ನಾವು ಮನೆಯ ಅಭ್ಯಾಸದಂತೆ ಬಾಗಿಲಲ್ಲೇ ಕಳಚಿ ರಾಶಿ ಹಾಕಿದ್ದೆವು. ಅವತ್ತು ಕಾಲಿಗೆ ಸಿಕ್ಕಿದ್ದನ್ನು ತೂರಿಸಿಕೊಂಡು ಕೂತಿದ್ದೆ. ಫೋಟೋದಲ್ಲಿ ಮಂಡಿಯೂರಿದ ನನ್ನ ಗಂಡ ಹೇಳುತ್ತಿದ್ದದ್ದು ಇಷ್ಟೇ: "ಬಿಚ್ಚೇ ಬೇಗ, ದೋಣಿ ಹೊರಡ್ತಿದೆ, ಅದು ನನ್ನ ಬೂಟು!"